ಕುರುಗೋಡಿಗೆ ಹೋದ ತಮ್ಮ ಮುದುಕರ ವಿಚಾರ

ಕೌಲ್‌ಬಜಾರ್, ಬಳ್ಳಾರಿ
ಮಾರ್ಚಿ, ೧೯೫೧

ತೀರಿಹೋಗಿ ಮುನ್ನೂರು ವರ್ಷವಾದರೂ ನನ್ನ ಗೋಡೆಯ ಮೇಲೆ ಬೆಳಗುತ್ತಿರುವ, ಹೆಸರು ತಿಳಿಯದ ಪರದೇಶದ ಮಹಾ ಚಿತ್ರಕಾರರಾದ ಮಾನ್ಯರೇ,

ಅಂಗಡಿಗಳ ಬೋರ್ಡು ಬರೆದು ಬದುಕುವ ಓಬಳೇಶನ ಸಾಷ್ಟಾಂಗ ನಮಸ್ಕಾರಗಳು. ದಂಡಿನ ದೊರೆಯೊಬ್ಬರು ಊರು ಬಿಡುವಾಗ ಹರಾಜಾದ ಸಾಮಾನಿನಲ್ಲಿ ತಾವು ಬರೆದ ಮುದುಕರ ಅಚ್ಚಿನ ಪಟ ನನ್ನ ಪಾಲಿಗೆ ಬಂತು. ಎಣ್ಣೆಬಣ್ಣದಲ್ಲಿ ಭಾವಚಿತ್ರ ಬರೆಯುವುದನ್ನು ಕಲಿಸುವವರು ಇಲ್ಲಿ ಯಾರೂ ಸಿಗದಿದ್ದುದರಿಂದ ತಮ್ಮನ್ನೇ ಗುರುವೆಂದು ಬಗೆದು, ಪಟದ ಮೇಲೆ ಚೌಕದ ಗೆರೆ ಎಳೆದು, ಮೂರು ವರ್ಷದಲ್ಲಿ ಆ ಮುದುಕರನ್ನು ಹನ್ನೊಂದು ಸಲ ಬರೆದೆ. ಮೊದಲು ಕಂದು ಬಣ್ಣ, ಅದು ಒಣಗಿದ ಮೇಲೆ ಮೈಬಣ್ಣ. ಬಳ್ಳಾರಿಯ ಧೂಳು ಮಾತ್ರ ಒಣಗುವವರೆಗೆ ಕಾಯದೆ ತಾನೇ ಬಂದು ಕೂರುತ್ತಿತ್ತು.

ಹೀಗೆ ವಿದ್ಯಾವಂತನಾದ ನನ್ನ ಬಳಿಗೆ ಕುರುಗೋಡಿನ ಹನುಮಮ್ಮನವರು ಬಂದರು. ಹೋದ ವರ್ಷ ತೀರಿಕೊಂಡ ಪತಿ ಎರ್ರಣ್ಣನವರದು ಒಂದು ಫೋಟೋ ಕೂಡ ಇರಲಿಲ್ಲವಾದ್ದರಿಂದ, ಆಕೆ ಬಾಯಲ್ಲಿ ಹೇಳಿದಂತೆ ನಾನು ಬರೆಯಬೇಕಿತ್ತು. ತಮ್ಮ ಪದ್ಧತಿಯಂತೆ ಅರ್ಧ ಮುಖವನ್ನು ನೆರಳಿನಲ್ಲಿ ಮುಳುಗಿಸಿ, ಭಕ್ತಿಯಿಂದ ತೋರಿಸಿದೆ.

“ಇನ್ನರ್ಧ ಮುಖ ಎಲ್ಲೈತ್ರೀ? ಬಿಸಲಾಗ ದುಡದಾಂವನ್ನ ಕತ್ತಲದಾಗ ಯಾಕ ಕುಂದ್ರಿಸೀರಿ?” ಎಂದರು.

ಬೆಳಕು ಹಚ್ಚಿದೆ. “ಈಗ ಶಾನುಭೋಗರ ಹಂಗ ಕಾಣ್ತಾನ,” ಎಂದರು. ಐದು ಸಲ ತಿದ್ದಿದೆ. ಐದನೆಯ ಸಲ ಆಕೆ ಮೆಲ್ಲಗೆ, “ಮುಖ ಮರ್ತು ಹೊಂಟೈತ್ರಿ, ಲಗೂನ ಬರೀರಿ,” ಎಂದರು.

ಏಳಲು ಹೊರಟವರ ಕಣ್ಣು ಗೋಡೆಗೆ ಒರಗಿಸಿದ್ದ ಹನ್ನೊಂದನೆಯ ಪ್ರತಿಯ ಮೇಲೆ ಬಿತ್ತು. ಸೆರಗು ಬಾಯಿಗೆ ಹಿಡಿದರು.

“ಇಲ್ಲೇ ಅದಾನಲ್ರೀ! ಸಿಟ್ಟು ಬಂದ್ರ ಹಿಂಗ ಸುಮ್ನ ನೋಡಾಂವ. ಆ ಟೊಪ್ಪಿಗಿ ತಗದು ರುಮಾಲು ಸುತ್ರಿ.”

ಇದರಲ್ಲೂ ಅರ್ಧ ಮುಖ ಕತ್ತಲಲ್ಲೇ ಇದ್ದರೂ ಆಕೆ ನೆರಳಿನ ಮಾತನ್ನೇ ಎತ್ತಲಿಲ್ಲ. ರುಮಾಲು ಸುತ್ತಿದೆ, ಹಣೆಗೆ ವಿಭೂತಿಯನ್ನೂ ಬರೆದೆ.

ಮಾನ್ಯರೇ, ನಾನು ಬೆವರಿಳಿಸಿ ಬರೆದದ್ದು ಮೂಲೆ ಸೇರಿ, ತಮ್ಮ ಮುದುಕರು ಕುರುಗೋಡಿನಲ್ಲಿ ದಿನವೂ ಊದಿನಕಡ್ಡಿಯ ಸೇವೆ ಪಡೆಯುತ್ತಿದ್ದಾರೆ. ಇಂಥ ಗುರುಕೃಪೆಯನ್ನು ಯಾವ ಬಾಯಿಂದ ಹೊಗಳಲಿ? ತಾವು ದಯಮಾಡಿ ಒಮ್ಮೆ ಗೋರಿಯಿಂದೆದ್ದು, ಕುರುಗೋಡಿನ ಬಸ್ಸು ಹಿಡಿದು, ಆತ ಎರ್ರಣ್ಣನಲ್ಲವೆಂದು ಆಕೆಗೆ ತಾವೇ ತಿಳಿಸಬೇಕೆಂದು ಪ್ರಾರ್ಥನೆ. ಮೊನ್ನೆ ನಾನೇ ಹೋಗಿದ್ದೆ. ಆಕೆ ಪಟದ ಮುಂದೆ ಕೂತು ಜೋಳ ಹಸನು ಮಾಡುತ್ತ, ಯಾವುದೋ ಹಳೆಯ ವಿಷಯಕ್ಕೆ ಅವರನ್ನು ಬೈಯುತ್ತಿದ್ದರು. ಹೇಳಲು ಹೋದ ನಾನೂ ಪಕ್ಕದಲ್ಲಿ ಕೂತು ಜೋಳದ ಕಲ್ಲು ಆರಿಸಿದೆ. ಪಟದಲ್ಲಿ ನನಗೂ ಎರ್ರಣ್ಣನವರೇ ಕಂಡರು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಓಬಳೇಶ

ತಾ.ಕ.: ತಮ್ಮ ಮುದುಕರ ಹೆಬ್ಬೆರಳು ಅಳತೆಗಿಂತ ಒಂದು ಗೆಣ್ಣು ಉದ್ದವಿದೆ. ತಮ್ಮ ಮರ್ಯಾದೆ ಕಾಯಲು ಹತ್ತು ಸಲ ಹಾಗೆಯೇ ಬರೆದೆ, ಹನ್ನೊಂದನೆಯದರಲ್ಲಿ ತಿದ್ದಿದ್ದೇನೆ. ಇದುವರೆಗೆ ಯಾರಿಂದಲೂ ದೂರು ಬಂದಿಲ್ಲ.