ಒಂದ ಸಮ ಓಡಂದ್ರ ಯಾರೂ ಓಡೂದಿಲ್ಲ

ಸೀಟಿ ಊದಕೋಂತ ಅರ್ಧ ಆಯುಷ್ಯ ಕಳದ ಪಿ.ಟಿ. ಮಾಸ್ತರ ನಾನು. ಗ್ರೌಂಡಿನ್ಯಾಗ ದಿನಾ ಏನರೆ ಒಂದು ಎಡವಟ್ಟು ಆಗಲಿಲ್ಲಂದ್ರ ನನಗ ಊಟ ಸೇರೂದಿಲ್ಲ. ದೇವರ ದಯಾ, ಇಷ್ಟ ವರ್ಷದಾಗ ಒಂದ ದಿನಾನೂ ಉಪಾಸ ಬಿದ್ದಿಲ್ಲ.

ಇದು ಕೊಪ್ಪಳ ಜಿಲ್ಲಾ ಆದ ಹೊಸದರಾಗಿನ ಮಾತು. ಅಳವಂಡಿ ಕಡೆ ಒಂದು ಹಳ್ಳಿ ಸಾಲ್ಯಾಗ ಇದ್ದೆ. ಅಲ್ಲಿ ಒಂಬತ್ತನೇತ್ತಾ ಕ್ಲಾಸಿನ್ಯಾಗ ಒಬ್ಬಾಕಿ ಹುಡುಗಿ, ಮೂರು ಸಾವಿರ ಮೀಟರ್ ಓಡಾಕಿ. ಅವರಪ್ಪ ಒಕ್ಕಲತನದ ಮನಷ್ಯಾ. ಖಡಕ್ಕಾಗಿ ಹೇಳಿಬಿಟ್ಟಿದ್ದ: "ಮಾಸ್ತರ, ಜಿಲ್ಲಾಕ್ಕ ಫಸ್ಟ್ ಬಂದ್ಲಂದ್ರ ಸ್ಪೋರ್ಟ್ಸ್ ಹಾಸ್ಟೆಲಿಗೆ ಕಳಸ್ತೀನಿ. ಇಲ್ಲಂದ್ರ ಈ ವರ್ಷಕ್ಕ ಓಟ ಬಂದ್."

ಹುಡುಗಿ ಕಾಲಾಗ ಶಕ್ತಿ ಬೇಕಾದಷ್ಟಿತ್ತು. ಒಂದ ಸಮ ಓಡೂದು ಮಾತ್ರ ಗೊತ್ತಿದ್ದಿಲ್ಲ. ಒಂದ ಸುತ್ತು ಬಿರುಗಾಳಿ, ಮುಂದಿನ ಸುತ್ತು ಮಜ್ಜಿಗಿ ಮಾರಾಕ ಹೊಂಟಂಗ.

೧. ಜೋಡಿ

ತಾಲೂಕಿನ ಓಟದಾಗ ನಮ್ಮಾಕಿ ಅರ್ಧ ಸುತ್ತು ಮುಂದಿದ್ಲು. ನಾ ಕಪ್ಪು ಯಾವ ಕಪಾಟಿನ್ಯಾಗ ಇಡೂದಂತ ಮನಸಿನ್ಯಾಗ ಜಾಗಾ ಹುಡಕಾಕತ್ತಿದ್ದೆ. ನೋಡತಾ ನೋಡತಾ ನಿಧಾನ ಆದ್ಲು, ಆಮ್ಯಾಲ ನಡ್ಯಾಕ ಹತ್ತಿದ್ಲು. ಹಿಂದಿನಾಕಿ ಬಂದು ಕೂಡಿದ್ಲು. ಇಬ್ಬರೂ ಮಾತಾಡಕೋಂತ ಓಡಿದ್ರು. ಕಡೀಕ ಆಕಿ ಫಸ್ಟ್, ನಮ್ಮಾಕಿ ಸೆಕೆಂಡ್. ಪುಣ್ಯಾಕ್ಕ ಇಬ್ಬರನ್ನೂ ಜಿಲ್ಲಾಕ್ಕ ಆರಿಸಿದ್ರು.

"ಯಾಕ ನಿಂತ್ಯವ್ವಾ?" ಅಂದೆ.

"ಒಬ್ಬಾಕಿನ ಓಡಾಕ ಬ್ಯಾಸರಾತ್ರಿ ಸರ."

"ಆಕಿ ನಿನ್ನ ಸೋಲಸಾಕ ಬಂದಾಕಿ!"

"ಹಂಗೇನ ಅನಲಿಲ್ರಿ. ಅವರ ಮನ್ಯಾಗ ಎಮ್ಮಿ ಈದೈತಂತ. ಗಿಣ್ಣ ತಿನ್ನಾಕ ಬಾ ಅಂದ್ಲು."

೨. ಸೈಕಲ್

ಮುಂದ ಒಂದು ಸೈಕಲ್ ಇದ್ರ ಅದರ ಹಿಂದ ಒಂದ ಸಮ ಓಡ್ತಾಳಂತ ಅವರಪ್ಪಗ ಹೇಳಿದೆ. ಎಂಟು ದಿನ ಮುಂಜಾನೆ ಅಪ್ಪ ಸೈಕಲ್ ತುಳದ, ಮಗಳು ಹಿಂದ ಓಡಿದ್ಲು. ಒಂಬತ್ತನೇ ದಿನ ಗ್ರೌಂಡಿನ್ಯಾಗ ಓಡಿಸಿ ನೋಡಿದೆ. ಭಾಳ ಛಲೋ ಹೊಂಟಿದ್ಲು. ಹೆಡ್ ಮಾಸ್ತರ ವರಾಂಡಾಕ್ಕ ಬಂದ್ರು ನೋಡ್ರಿ, ಗಪ್ಪನ ನಿಂತ್ಲು, ಕೈ ಮುಗದ್ಲು, ಮತ್ತ ಓಡಿದ್ಲು. ಜವಾನ ಬಂದ, ಮತ್ತ ನಿಂತ್ಲು.

ಮರುದಿನ ರಸ್ತಾಕ್ಕ ಹೋಗಿ ನೋಡಿದಾಗ ತಿಳೀತು. ಎದುರು ಯಾರರೆ ಬಂದ್ರ ಅಪ್ಪ ಸೈಕಲ್ ಇಳಿಯಾಂವ. "ಆರಾಮ ಅದೀರಿಲ್ರಿ? ನಿಮ್ಮ ಕಡೆ ಮಳಿ ಹೆಂಗೈತಿ?" ಎಲ್ಲಾ ಕೇಳಿ ಮತ್ತ ಹತ್ತಾಂವ. ಅಲ್ಲೀತನಕ ಮಗಳೂ ಹಿಂದ ನಿಲ್ಲಾಕಿ.

"ಹಿಂಗ್ಯಾಕ್ರಿ?" ಅಂದೆ.

"ಹಿರೇರು ಎದುರು ಬಂದಾಗ ಸೈಕಲ್ ಮ್ಯಾಲ ಕುಂತಽ ಹೋಗಾಕ ಬರತೈತೇನ್ರಿ, ಮಾಸ್ತರ? ನೀವ ಹೇಳ್ರಿ."

ಇದನ್ನ ಹೇಳೂ ಮುಂದ ಅಂವ ಸೈಕಲ್ ಇಳದಿದ್ದ, ಮಗಳು ನಿಂತಿದ್ಲು. ಆವತ್ತಿನ ಟೈಮ್ ಕೆಡಿಸಿದಾಂವ ನಾನ.

೩. ಹಲಗಿ

ತಾಳ ಕೇಳಿ ಓಡಿದ್ರ ಹೆಂಗ ಅಂತ ಊರಾಗ ಹಲಗಿ ಬಾರಿಸೂ ಕಾಕಾನ್ನ ಕರಕೊಂಡು ಬಂದೆ. "ಕಾಕಾ, ಕಡೀತನಕ ಒಂದ ಸಮ ಇರಲಿ" ಅಂದೆ. ಹೂಂ ಅಂದ. ಮೂರು ಸುತ್ತು ಭಾಳ ಚಂದ ನಡೀತು. ನಾಕನೇ ಸುತ್ತಿಗೆ ಕಾಕಾನ ಕಣ್ಣು ಮುಚ್ಚಿದ್ವು, ಹಲಗಿ ಏರಾಕ ಹತ್ತಿತು. ಹುಡುಗಿನೂ ಏರಿದ್ಲು. ಎಂಟನೇತ್ತಾ ಹುಡುಗರು ಕ್ಲಾಸ್ ಬಿಟ್ಟು ಕುಣಕೋಂತ ಬಂದ್ರು. ಅವರನ್ನ ಹಿಡಿಯಾಕ ಬಂದ ಇಂಗ್ಲಿಷ್ ಮಾಸ್ತರ ಕಾಲೂ ತಾಳಕ್ಕ ಬೀಳಾಕತ್ತಿದ್ವು. ಐದನೇ ಸುತ್ತಿಗೆ ಹುಡುಗಿ ಬೇವಿನ ಗಿಡದ ಬುಡಕ ಮಲಗಿಬಿಟ್ಲು.

"ಕಾಕಾ, ಒಂದ ಸಮ ಬಾರಸು ಅಂದಿದ್ನೆಲ್ಲ!"

"ಒಂದ ಸಮ ಬಾರಸಾಕ ಇದೇನು ಸಾಲಿ ಗಂಟಿ ಏನ್ರಿ? ಅದ ಬೇಕಿದ್ರ ನಿಮ್ಮ ಜವಾನಗ ಹೇಳ್ರಿ."

೪. ಶೇಂಗಾ

ಜಿಲ್ಲಾ ಓಟ ಕೊಪ್ಪಳದಾಗ. ಗ್ರೌಂಡು ಸಣ್ಣದು. ಸುಣ್ಣದ ಗೆರಿ ಹೊಡದು ಇನ್ನೂರು ಮೀಟರಿನ ಸುತ್ತು ಮಾಡಿದ್ರು, ಅಂದ್ರ ಹದಿನೈದು ಸುತ್ತು ಓಡಬೇಕು. ಹುಡುಗಿ ಕಿಸೇದಾಗ ಹದಿನೈದು ಹಸಿ ಶೇಂಗಾಕಾಯಿ ಹಾಕಿದೆ. "ಒಂದ ಸುತ್ತು ಮುಗದ್ರ ಗೆರಿ ಮ್ಯಾಲ ಒಂದ ಕಾಯಿ ಒಗಿ. ಮಂದಿನ್ನ ನೋಡಬ್ಯಾಡ. ಕಿಸೆ ಖಾಲಿ ಆದಾಗ ನಿಲ್ಲು."

ಗಂಗಾವತಿ ಹುಡುಗಿ ಶುರುವಿನಿಂದ ಮುಂದ. ನಮ್ಮಾಕಿ ಹಿಂದ, ಆದ್ರ ಗಡಿಯಾರದಂಗ. ಗೆರಿ ಬಾಜೂಕ ಸುತ್ತು ಎಣಿಸೂ ಮಾಸ್ತರೊಬ್ರು ಕುರ್ಚಿ ಹಾಕ್ಕೊಂಡು ಕುಂತಿದ್ರು. ಕಡೀ ಸುತ್ತಿನ ಗಂಟಿ ಬಾರಿಸಿದ್ರು. ಗಂಗಾವತಿ ಹುಡುಗಿ ಜೀವಾ ಬಿಟ್ಟು ಓಡಿ ಗೆರಿ ದಾಟಿ ಮಲಗಿದ್ಲು. ನಮ್ಮಾಕಿ ಬಂದ್ಲು, ಗೆರಿ ಮ್ಯಾಲ ಒಂದು ಶೇಂಗಾ ಒಗದ್ಲು, ನಿಲ್ಲದ ಹೊಂಟ್ಲು.

ನನ್ನ ಬಾಜೂಕ ಕುಂತಿದ್ದ ಅವರಪ್ಪ ಎದ್ದು ನಿಂತ. "ಯಾಕ ಓಡಾಕತ್ಯಾಳ್ರಿ, ಮಾಸ್ತರ?"

"ಕಿಸೇದಾಗ ಇನ್ನೊಂದೈತ್ರಿ."

ಅದನ್ನೂ ಒಗದು ನಿಂತ್ಲು. ಗದ್ದಲ ಶುರುವಾತು. ಗಂಗಾವತಿ ಮಾಸ್ತರ, "ಗಂಟಿ ಬಾರಿಸ್ಯಾರ, ನಮ್ಮಾಕಿ ಫಸ್ಟ್" ಅಂದ್ರು. ನಾ, "ಗಂಟಿ ಒಂದ ಸುತ್ತು ಮೊದಲ ಬಾರಿಸ್ಯಾರ" ಅಂದೆ. ರೆಫ್ರಿ ಅಂದ್ರು, "ಹದಿನೈದು ಓಡಿದಾಕಿ ಫಸ್ಟ್. ಸಾಕ್ಷಿ ಎಲ್ಲೈತಿ?"

"ಗೆರಿ ಮ್ಯಾಲ ಶೇಂಗಾ ಎಣಸ್ರಿ" ಅಂದೆ.

ಹೋಗಿ ನೋಡಿದ್ರ ಒಂದೂ ಇಲ್ಲ. ಎಣಿಸೂ ಮಾಸ್ತರ ಬಾಯಿ ಅಲಗಾಡಾಕತ್ತಿತ್ತು.

"ಕಾಲಬುಡಕಽ ಬಂದು ಬೀಳಾಕತ್ತಿದ್ವು ಸರ" ಅಂದ್ರು. "ಆರಿಸಿಕೊಳ್ಳೂದ್ರಾಗ ಸುತ್ತು ಒಂದ ಹೆಚ್ಚಿಗಿ ಎಣಿಸಿರಬೇಕ್ರಿ."

ರೆಫ್ರಿ ಅವರ ಕುರ್ಚಿ ಸರಿಸಿ, ನೆಲಕ್ಕ ಕುಂತು, ಬುಡಕ ಬಿದ್ದಿದ್ದ ಸಿಪ್ಪಿ ಅರ್ಧಕ್ಕ ಅರ್ಧ ಜೋಡಿ ಹಚ್ಚಿ ಎಣಿಸಿದ್ರು. ಹದಿನಾಕು.

"ಹದಿನಾಕಂದ್ರ ಯಾರೂ ಪೂರಾ ಓಡಿಲ್ಲ. ನಾಳೆ ಮತ್ತ ಓಡಸ್ರಿ."

ಹುಡುಗಿ ಗೆರಿ ಮ್ಯಾಲನ ಕುಂತುಬಿಟ್ಲು. ಅವರಪ್ಪ ತಲಿ ಮ್ಯಾಲ ಕೈ ಇಟಗೊಂಡ. ಅಷ್ಟರಾಗ ಎಣಿಸೂ ಮಾಸ್ತರ ನಾಚಿಕೋಂತ ಅಂಗಿ ಕಿಸೆಗೆ ಕೈ ಹಾಕಿ ಒಂದು ಕಾಯಿ ತಗದ್ರು. "ಇದೊಂದು ಮೂರು ಕಾಳಿಂದು ಸಿಕ್ಕಿತ್ತು ಸರ. ಸಾವಕಾಶ ತಿನ್ನೂಣಂತ ಇಟ್ಟಿದ್ದೆ."

ಹದಿನೈದು! ನಮ್ಮಾಕಿ ಫಸ್ಟ್. ಅವರಪ್ಪ ಟಾವೆಲ್ಲಿಲೆ ಮುಖಾ ಒರಸಿಕೊಂಡು, "ಹಾಸ್ಟೆಲಿಗೆ ಎಂದ ಬಿಡಬೇಕ್ರಿ?" ಅಂದ.

ರೆಫ್ರಿ ಭಾಳ ಶಿಸ್ತಿನ ಮನಷ್ಯಾ. ಆ ಶೇಂಗಾ ಕಾಗದದಾಗ ಸುತ್ತಿ, ಸಾಕ್ಷಿ ಅಂತ ಬರದು, ರಿಸಲ್ಟ್ ಹಾಳಿಗೆ ಪಿನ್ ಹೊಡದ್ರು. ಎಣಿಸೂ ಮಾಸ್ತರ ಅವರ ಹಿಂದಽ ನಿಂತು ಮೆಲ್ಲಕ ಕೇಳಿದ್ರು:

"ಸರ, ನಿಮ್ಮ ಕೆಲಸ ಮುಗದ ಮ್ಯಾಲ ಅದು ನನಗ ವಾಪಸ್ ಬರತೈತಿಲ್ರಿ?"