ಇಪ್ಪತ್ನಾಲ್ಕು ಡಿಗ್ರಿಯ ವಿರುದ್ಧ ಪಕ್ಕದ ಸೀಟಿನ ಅರ್ಜಿ

ಇಂದ,
ಪಕ್ಕದ ಸೀಟಿನ ಖಾಯಂ ಹಕ್ಕುದಾರಳು (ಸದ್ಯ ಗೈರುಹಾಜರು),
ಬಸ್ ನಿಲ್ದಾಣದಲ್ಲಿ ಪ್ರಕಟಣೆ ಓದುವವಳು,
ಹಾಲಿ ಬಿಡಾರ: ಅಡುಗೆಮನೆಯ ಮೇಜು.

ಗೆ,
ಮಾನ್ಯ ಮಾಲೀಕರು, ಚಾಲಕರು, ಒರೆಸುವವರು ಹಾಗೂ ಅಭಿಮಾನಿಗಳು,
ಕೆಂಪು ಬಣ್ಣದ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು,
ಮನೆ ಮುಂದಿನ ಶೆಡ್.

ವಿಷಯ: ಸದರಿ ಕಾರಿನ ಆಟೋಮ್ಯಾಟಿಕ್ ಏಸಿಯನ್ನು ಕಿತ್ತು, ಕೈಯಿಂದ ತಿರುಗಿಸುವ ಮೂರು ಗುಂಡಿಗಳನ್ನು ಕೂರಿಸುವ ಬಗ್ಗೆ, ಹಾಗೂ ಅರ್ಜಿದಾರಳ ಚಳಿಯನ್ನು ಚಳಿ ಎಂದೇ ಮಾನ್ಯ ಮಾಡುವ ಬಗ್ಗೆ.

ಉಲ್ಲೇಖ: ೧. ಕಳೆದ ಭಾನುವಾರ ತಾವು ಪತ್ರಿಕೆಯಿಂದ ತಲೆ ಎತ್ತದೆ ಹೊರಡಿಸಿದ ಮೌಖಿಕ ಆದೇಶ: "ಏನಿದ್ರೂ ಬರೆದು ಕೊಡು, ನೋಡೋಣ."
೨. ಅರ್ಜಿದಾರಳ ಸೀನುಗಳು (ಲೆಕ್ಕ ಇಟ್ಟಿಲ್ಲ).

ಮಾನ್ಯರೇ, ಅಂದರೆ ರೀ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಅವಳಿಗೆ ಚಳಿಯಾಗುತ್ತದೆ. ಇದನ್ನು ಬಾಯಲ್ಲಿ ಹೇಳಿ ಹೇಳಿ ಅವಳಿಗೆ ಸಾಕಾಗಿಹೋಗಿದೆ. ವಿಮಾ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದಷ್ಟು ಕಾಲವೂ ತಾವು ಬಾಯಿಮಾತಿನ ದೂರನ್ನು ದೂರೆಂದೇ ಎಣಿಸಿದವರಲ್ಲ. ತಾವು ನಿವೃತ್ತರಾದಿರಿ, ಆ ಅಭ್ಯಾಸ ನಿವೃತ್ತವಾಗಲಿಲ್ಲ. ಆದ್ದರಿಂದ ಅವಳು ಬರೆದು ಕೊಡುತ್ತಿದ್ದಾಳೆ. ಇಷ್ಟು ವರ್ಷ ಊಟದ ತಟ್ಟೆಯ ಮುಂದೆ ತಮ್ಮ ಕಡತಗಳ ಕಥೆ ಕೇಳಿ ಈ ಭಾಷೆ ಅವಳಿಗೂ ಬಾಯಿಪಾಠವಾಗಿದೆ. ತಪ್ಪುಗಳಿದ್ದರೆ ಕಲಿಸಿದವರೇ ಹೊಣೆ.

೧. ಪೂರ್ವೇತಿಹಾಸ. ಮದುವೆಯಾದ ಹೊಸತರಲ್ಲಿ ತಮ್ಮ ಬಳಿ ಇದೇ ಮಾದರಿಯ ನೀಲಿ ಕಾರೊಂದಿತ್ತು. ಕಡಿಮೆ ದರ್ಜೆಯದು. ಅದರಲ್ಲಿ ತಾನಾಗಿ ನಡೆಯುವಂಥದ್ದು ಏನೂ ಇರಲಿಲ್ಲ, ಕೆಡುವುದೊಂದನ್ನು ಬಿಟ್ಟು. ಏಸಿಗೆ ಮೂರು ಗುಂಡಿಗಳಿದ್ದವು: ಒಂದು ಬಿಸಿಗೂ ತಂಪಿಗೂ, ಒಂದು ಫ್ಯಾನಿಗೆ, ಇನ್ನೊಂದು ಗಾಳಿ ಮುಖಕ್ಕೋ ಕಾಲಿಗೋ ಗಾಜಿಗೋ ಎಂದು ತಿಳಿಸುವುದಕ್ಕೆ. ಅರ್ಜಿದಾರಳು ಕೈ ಕಟ್ಟಿಕೊಂಡು ಕುಳಿತರೆ ಸಾಕಿತ್ತು, ತಮ್ಮ ಕೈ ಗೇರು ಬಿಟ್ಟು ಆ ಮೊದಲನೇ ಗುಂಡಿಗೆ ಹೋಗುತ್ತಿತ್ತು.

"ಸಾಕಾ?"

"ಇನ್ನೊಂಚೂರು."

"ಈಗ?"

"ಹೂಂ."

ಇಷ್ಟೇ ಮಾತು. ಊರು ಬರುವವರೆಗೂ ಇದೇ ಸಂಭಾಷಣೆ, ಆದರೂ ಅರ್ಜಿದಾರಳಿಗೆ ಒಂದು ದಿನವೂ ಬೇಜಾರಾದದ್ದಿಲ್ಲ. ಆಮೇಲೆ ಮಗಳು ಹುಟ್ಟಿದಳು. ಎರಡು ಸೀಟಿನಲ್ಲಿ ಮೂವರು ಹಿಡಿಸುವುದಿಲ್ಲವಾದ ಕಾರಣ ನೀಲಿ ಕಾರನ್ನು ಮಾರಲಾಯಿತು. ಮಾರಿದ ದಿನ ತಾವು ಊಟ ಬಿಟ್ಟಿರಿ. ಅರ್ಜಿದಾರಳು ಉಂಡಳು, ಮಗುವಿಗೆ ಹಾಲೂಡಿಸಬೇಕಿತ್ತು.

೨. ನಿವೃತ್ತಿಯ ನಂತರ ತಾವು ಪತ್ತೆದಾರರಂತೆ ಹುಡುಕಿ ಈ ಕೆಂಪು ಕಾರನ್ನು ತಂದಿರಿ. ಅದೇ ಕಾರು, ಅದೇ ಮುಖ, ಆದರೆ ಮೇಲ್ದರ್ಜೆಯದು. ಗುಂಡಿಗಳಿದ್ದ ಜಾಗದಲ್ಲಿ ಒಂದು ಕಪ್ಪು ಪೆಟ್ಟಿಗೆ, ಅದರಲ್ಲಿ ಹಸಿರು ಅಂಕಿ. ಬಂದವರನ್ನೆಲ್ಲ ತಾವು ಒಳಗೆ ಕೂರಿಸಿ, "ನೀವು ಡಿಗ್ರಿ ಹೇಳಿ ಸಾರ್, ಉಳಿದಿದ್ದು ಅದೇ ನೋಡ್ಕೊಳ್ಳುತ್ತೆ," ಎಂದು ಪ್ರಾತ್ಯಕ್ಷಿಕೆ ಕೊಟ್ಟಿರಿ. ಹಾಲಿನವರಿಗೂ ಕೊಟ್ಟಿರಿ. ನಿಜ ಹೇಳಬೇಕೆಂದರೆ ಮೊದಮೊದಲು ಪೆಟ್ಟಿಗೆ ಚೆನ್ನಾಗಿಯೇ ನೋಡಿಕೊಂಡಿತು. ಅರ್ಜಿದಾರಳು ಅದರ ಮೇಲೆ ಸುಳ್ಳು ಆರೋಪ ಹೊರಿಸುವವಳಲ್ಲ.

೩. ಅಷ್ಟರಲ್ಲಿ ಹಳೇ ಕಾರುಗಳ ಸಂಘದ ಸಮಾವೇಶ ನಡೆಯಿತು. ಕಾರು ಕಾರ್ಖಾನೆಯಿಂದ ಬಂದ ಹಾಗೆಯೇ ಇರುವುದಕ್ಕೆ ತಮಗೆ ಮೂರನೇ ಬಹುಮಾನ ಬಂತು. ಬಹುಮಾನ ಎಂದರೆ ಅಂಗೈಯಗಲದ ಒಂದು ಚಿನ್ನದ ಬಣ್ಣದ ಸ್ಟಿಕ್ಕರ್: "ಮೂಲ ಸ್ಥಿತಿ". ಸ್ಪರ್ಧೆಯಲ್ಲಿ ಇದ್ದದ್ದು ಮೂರೇ ಕಾರು ಎಂಬುದನ್ನು ಅರ್ಜಿದಾರಳು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಆ ಸ್ಟಿಕ್ಕರನ್ನು ತಾವು ಉಸಿರು ಬಿಗಿಹಿಡಿದು ಪೆಟ್ಟಿಗೆಯ ಪಕ್ಕದಲ್ಲೇ ಅಂಟಿಸಿದಿರಿ. ಅಲ್ಲಿ ಬೆಂಕಿಪೊಟ್ಟಣದಷ್ಟು ಸಣ್ಣ ಜಾಲರಿಯೊಂದಿತ್ತು. ಅದು ನೋಡುವುದಕ್ಕೆ ಚೆನ್ನಾಗಿಲ್ಲ, ಮುಚ್ಚಿಹೋಗಲಿ ಎಂದಿರಿ.

೪. ಅಂದಿನಿಂದ ಚಳಿ. ಸಾಮಾನ್ಯ ಚಳಿಯಲ್ಲ, ಹಲ್ಲು ಕಟಕಟ ಎನ್ನುವ ಚಳಿ. ಈ ಕುರಿತು ನಡೆದ ಮಾತುಕತೆಯನ್ನು ತಮ್ಮ ಪರಿಶೀಲನೆಗಾಗಿ ಯಥಾವತ್ತಾಗಿ ಕೆಳಗೆ ಕೊಟ್ಟಿದೆ.

"ರೀ, ಚಳಿ ಆಗ್ತಿದೆ."

"ಇಪ್ಪತ್ನಾಲ್ಕು ಇದೆ ನೋಡು."

"ಅಂಕಿ ಇಪ್ಪತ್ನಾಲ್ಕು ಇರಬಹುದು. ನನ್ನ ಮೂಗು ಮಂಜುಗಡ್ಡೆ ಆಗಿದೆ."

"ಇಪ್ಪತ್ನಾಲ್ಕರಲ್ಲಿ ಯಾರಿಗೂ ಚಳಿ ಆಗಲ್ಲ ಕಣೇ."

"ಹಾಗಾದ್ರೆ ನನಗೆ ಆಗ್ತಿರೋದು ಏನು?"

"ಭ್ರಮೆ."

ಅರ್ಜಿದಾರಳು ಇಪ್ಪತ್ತೆಂಟಕ್ಕೆ ಏರಿಸಿದಳು. ಗಾಳಿ ಅಷ್ಟೇ ತಣ್ಣಗೆ ಬಂತು. "ಅದಕ್ಕೂ ಯೋಚನೆ ಮಾಡೋಕೆ ಟೈಮ್ ಕೊಡು," ಎಂದಿರಿ. ಗಾಳಿ ಬರುವ ಕಿಂಡಿಗೆ ಕರವಸ್ತ್ರ ತುರುಕಿದಳು. "ಅದರ ಲೆಕ್ಕ ತಪ್ಪುತ್ತೆ," ಎಂದು ಕಿತ್ತು ಹಾಕಿದಿರಿ. ಆರಿಸಿಬಿಡಿ ಎಂದಳು. "ಆರಿಸೋದಕ್ಕೆ ಆಟೋಮ್ಯಾಟಿಕ್ ಯಾಕೆ ಬೇಕಿತ್ತು?" ಎಂದಿರಿ. ಇಷ್ಟೆಲ್ಲ ಹೇಳುವಾಗ ತಾವು ಸ್ವತಃ ಸ್ವೆಟರ್ ಮತ್ತು ಕೈಗವಸು ಹಾಕಿಕೊಂಡಿದ್ದಿರಿ. ಕೇಳಿದ್ದಕ್ಕೆ, ಸ್ಪೋರ್ಟ್ಸ್ ಕಾರು ಓಡಿಸುವವರು ಹಾಗೆಯೇ ಹಾಕಿಕೊಳ್ಳುವುದು ಎಂದು ಸಮಜಾಯಿಷಿ ನೀಡಿದಿರಿ.

೫. ಅರ್ಜಿದಾರಳಿಗೆ ಗಂಟಲೇ ಅನ್ನ. ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಅಂಕಣದಿಂದ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಒಂದು ಸೋಮವಾರ ಅವಳು ಬಾಯಿ ತೆರೆದಾಗ ಹೊರಬಿದ್ದ ದನಿ ಕೇಳಿ ಡಿಪೋ ಮ್ಯಾನೇಜರ್ ಓಡಿ ಬಂದು, "ಹೊಸಬರು ಯಾರೋ ಗಂಡಸರು ಡ್ಯೂಟಿಗೆ ಬಂದಿದ್ದಾರೇನಮ್ಮಾ?" ಎಂದು ವಿಚಾರಿಸಿದರು. ಮನೆಗೆ ಬಂದು ತಮಗೆ ಹೇಳಿದರೆ ತಾವು ನಕ್ಕಿರಿ. ಅವಳಿಗೂ ನಗು ಬಂತು, ಆದರೆ ಗಂಟಲಿನಿಂದ ಆಚೆ ಬರಲಿಲ್ಲ.

೬. ಈಗ ಮುಖ್ಯ ಘಟನೆ. ಮಗಳು ಹೊಸ ಬಾಡಿಗೆ ಮನೆಗೆ ಹೋಗಿದ್ದಾಳೆಂದು ನೋಡಿಬರಲು ಹೊರಟೆವಷ್ಟೆ. ದಾರಿಯಲ್ಲಿ ಹಕ್ಕಿಯೊಂದು ಬಾನೆಟ್ಟಿನ ಮೇಲೆ ತನ್ನ ಅಭಿಪ್ರಾಯವನ್ನು ದಾಖಲಿಸಿತು. ತಾವು ಹೌಹಾರಿ ಕಾರು ನಿಲ್ಲಿಸಿ, ಬಟ್ಟೆ ನೀರು ಹಿಡಿದು ಇಳಿದಿರಿ. ಆರಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೋ ಇಲ್ಲವೋ ಎಂದು ಎಂಜಿನ್ ಹಾಗೆಯೇ ಬಿಟ್ಟಿರಿ. ಹಕ್ಕಿಯ ಅಭಿಪ್ರಾಯ ಸಾಕಷ್ಟು ವಿಸ್ತಾರವಾಗಿದ್ದ ಕಾರಣ ತಮಗೆ ಹೊತ್ತು ಹಿಡಿಯಿತು.

ಅರ್ಜಿದಾರಳಿಗೆ ಒಂದು ದುರಭ್ಯಾಸವಿರುವುದು ತಮಗೆ ತಿಳಿದೇ ಇದೆ. ಅಂಟಿಸಿದ್ದು ಕಂಡರೆ ಅವಳ ಉಗುರು ಸುಮ್ಮನಿರುವುದಿಲ್ಲ. ಮನೆಯ ಯಾವ ಡಬ್ಬಿಗೂ ಚೀಟಿ ಇಲ್ಲದ ಕಾರಣ ತಾವು ಸಕ್ಕರೆ ಎಂದು ಉಪ್ಪು ಬೆರೆಸಿಕೊಂಡ ಪ್ರಕರಣವೂ ಇದೆ. ಅಂದು ಸಿಟ್ಟು ಬೇರೆ ಇತ್ತು. ಕೂತಲ್ಲೇ "ಮೂಲ ಸ್ಥಿತಿ"ಯ ಒಂದು ಮೂಲೆಯನ್ನು ಕೆರೆದಳು. ಅದು ಎದ್ದು ಬಂತು. ಹಿಂದಿನ ಜಾಲರಿಯೊಳಗೆ ಏನೋ ಸಣ್ಣಗೆ ಗುಯ್ ಎಂದಿತು. ಸ್ವಲ್ಪ ಹೊತ್ತಿಗೆ, ಅಯ್ಯೋ ಶಿವನೇ, ಕಾಲಿಗೆ ಬೆಚ್ಚಗಿನ ಗಾಳಿ!

ಅವಳು ನಂಬಲಿಲ್ಲ. ಮತ್ತೆ ಅಂಟಿಸಿದಳು, ತಣ್ಣಗಾಯಿತು. ಎತ್ತಿದಳು, ಬೆಚ್ಚಗಾಯಿತು. ಆ ಪೆಟ್ಟಿಗೆ ಒಳಗಿನ ಗಾಳಿಯನ್ನು ಮೂಸಿ ನೋಡುತ್ತಿದ್ದದ್ದು ಆ ಜಾಲರಿಯಿಂದ. ಅದನ್ನು ಮುಚ್ಚಿದ ಮೇಲೆ ಅದಕ್ಕೆ ಸಿಗುತ್ತಿದ್ದದ್ದು ತನ್ನ ಹಿಂದಿನ ವೈರುಗಳ ಬಿಸಿ ಮಾತ್ರ. ಕಾರೊಳಗೆ ಜನ ಬೆಂದುಹೋಗುತ್ತಿದ್ದಾರೆಂದು ತಿಳಿದು ಪಾಪ ಒಂದೇ ಸಮನೆ ತಂಪು ಊದುತ್ತಿತ್ತು. ಕೆಟ್ಟದ್ದೇನೂ ಇರಲಿಲ್ಲ.

ತಾವು ಬಟ್ಟೆ ಹಿಂಡಿಕೊಂಡು ಒಳಗೆ ಬಂದಿರಿ. ಹೇಳಬೇಕೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಮುಖ ಅರಳಿತು.

"ನೋಡಿದೆಯಾ? ಎಷ್ಟು ಬೆಚ್ಚಗಿದೆ! ಟೈಮ್ ಕೊಡು ಅಂತ ನಾನು ಹೇಳಿರಲಿಲ್ವಾ? ಅದಕ್ಕೆ ಎಲ್ಲಾ ಗೊತ್ತಾಗುತ್ತೆ ಕಣೇ."

ಅದಕ್ಕೆ ಎಲ್ಲಾ ಗೊತ್ತಾಗುತ್ತದೆ! ಪಕ್ಕದಲ್ಲಿ ನಡುಗುತ್ತ ಕುಳಿತವಳದು ಭ್ರಮೆ! ಅರ್ಜಿದಾರಳಿಗೆ ನಖಶಿಖಾಂತ ಉರಿಯಿತು. ತಾವು ಕನ್ನಡಿ ನೋಡಿ ಕಾರನ್ನು ರಸ್ತೆಗೆ ತರುತ್ತಿದ್ದಾಗ ಅವಳು ಹೆಬ್ಬೆರಳಿನಿಂದ ಸ್ಟಿಕ್ಕರನ್ನು ಗಟ್ಟಿಯಾಗಿ ಒತ್ತಿ ಕೂರಿಸಿದಳು. ಮುಂದಿನ ಊರಿನ ಬಸ್ ನಿಲ್ದಾಣ ಬಂದಾಗ "ಇಳಿಸಿ" ಎಂದಳು. ಇಳಿದಳು.

೭. ಬಸ್ಸಿನ ಹಿಂದಿನ ಸೀಟಿನಿಂದ ಅವಳಿಗೆ ತಾವು ದಾರಿಯುದ್ದಕ್ಕೂ ಕಾಣುತ್ತಿದ್ದಿರಿ. ಓವರ್‌ಟೇಕ್ ಮಾಡಬಹುದಿತ್ತು, ಮಾಡಲಿಲ್ಲ. ಒಳಗಿನ ತಂಪಿಗೆ ಗಾಜಿನ ಹೊರಗೆಲ್ಲ ಹಬೆ ಕಟ್ಟಿ, ಒಂದು ಹನಿ ಮಳೆಯಿಲ್ಲದ ರಸ್ತೆಯಲ್ಲಿ ತಾವು ವೈಪರ್ ಹಾಕಿಕೊಂಡು ಬರುತ್ತಿದ್ದಿರಿ. ಪಕ್ಕದಲ್ಲಿದ್ದ ಹೆಂಗಸು, "ಯಾರ್ರೀ ಅದು, ತಲೆ ಕೆಟ್ಟಿದೆಯಾ?" ಎಂದಳು. ಅರ್ಜಿದಾರಳು ಗೊತ್ತಿಲ್ಲ ಎಂದಳು. ಸ್ವೆಟರಿನಲ್ಲಿ ಮುದುಡಿಕೊಂಡ ಆ ಮನುಷ್ಯನ ಮೇಲಿಂದ ಊರು ಬರುವವರೆಗೂ ಅವಳು ಕಣ್ಣು ತೆಗೆಯಲಿಲ್ಲ ಎಂಬುದು ಮಾತ್ರ ನಿಜ.

ಮಗಳು ಬಾಗಿಲಲ್ಲಿ ನಿಂತು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಇಬ್ರೂ ಒಂದೇ ಮನೆಯಿಂದ ತಾನೇ ಹೊರಟಿದ್ದು?" ಎಂದಳು.

"ನಿಮ್ಮಮ್ಮನಿಗೆ ಇಪ್ಪತ್ನಾಲ್ಕು ಡಿಗ್ರಿ ಒಗ್ಗಲ್ಲ," ಎಂದಿರಿ.

"ಅಪ್ಪಾ, ನಿನ್ನ ತುಟಿ ನೀಲಿಯಾಗಿದೆ."

ತಾವು ಬಿಸಿನೀರು ಕೇಳಿದಿರಿ. ವಾಪಸು ಬರುವಾಗಲೂ ಅವಳು ಬಸ್ಸಿನಲ್ಲೇ ಬಂದಳು. ಆವತ್ತಿನಿಂದ ಪಕ್ಕದ ಸೀಟಿನಲ್ಲಿ ತಮ್ಮ ಒರೆಸುವ ಬಟ್ಟೆಗಳ ಬಕೆಟ್ಟು ಕೂತು ತಿರುಗಾಡುತ್ತಿದೆ.

೮. ಕಾರಣ. ತಾವು ಕೇಳಬಹುದು: ಸ್ಟಿಕ್ಕರ್ ಕಿತ್ತರೆ ಎಲ್ಲ ಸರಿಹೋಗುತ್ತದಲ್ಲ, ಗುಂಡಿ ಯಾಕೆ? ಅರ್ಜಿದಾರಳು ಗ್ಯಾರೇಜಿಗೂ ಹೋಗಿ ಬಂದಿದ್ದಾಳೆ. ಗುಜರಿಗೆ ಬಂದ ಕೆಳದರ್ಜೆಯ ಕಾರಿನಿಂದ ಬಿಚ್ಚಿದ ಮೂರು ಗುಂಡಿಗಳ ಫಲಕ ಅಲ್ಲಿದೆ. "ಹಾಕಿಕೊಡ್ತೀನಿ ಅಕ್ಕ. ಆದ್ರೆ ಸಾಹೇಬ್ರು ಒಪ್ತಾರಾ? ಸಂಘದವರು ಆ ಬಹುಮಾನ ವಾಪಸ್ ಕೇಳ್ತಾರೆ," ಎಂದು ಮೆಕ್ಯಾನಿಕ್ ಅನುಮಾನಿಸಿದ. ಅದು ಅವಳಿಗೂ ಗೊತ್ತು. ತಮಗೆ ಆ ಬಹುಮಾನ ಎಷ್ಟು ಮುಖ್ಯವೆಂಬುದೂ ಗೊತ್ತು.

ಆದರೆ ರೀ, ಪೆಟ್ಟಿಗೆ ಸರಿಯಾದರೆ ಅರ್ಜಿದಾರಳು ಬೆಚ್ಚಗಿರುತ್ತಾಳೆ, ತಾವೂ ಬೆಚ್ಚಗಿರುತ್ತೀರಿ, ಮತ್ತೆ ಇಬ್ಬರೂ ಮುಂದಿನ ರಸ್ತೆ ನೋಡುತ್ತ ಸುಮ್ಮನೆ ಹೋಗುತ್ತಿರುತ್ತೇವೆ. ತಾವು ಅವಳ ಕಡೆ ತಿರುಗಿ ಕೇಳುವ ಪ್ರಮೇಯವೇ ಇನ್ನು ಬರುವುದಿಲ್ಲ. ನೀಲಿ ಕಾರಿನಲ್ಲಿ ತಮಗೆ ಅವಳ ಚಳಿ ಹೇಳದೆಯೇ ತಿಳಿಯುತ್ತಿತ್ತು. ಅವಳಿಗೆ ಆ ಕೈ ಬೇಕಾಗಿದೆ. ಅದಿಲ್ಲದೆ ಅವಳಿಗೆ ತುಂಬಾ ಬೇಜಾರಾಗಿದೆ. ಈ ಕೊನೆಯ ವಾಕ್ಯಕ್ಕೆ ಸರ್ಕಾರಿ ಭಾಷೆ ಸಿಗಲಿಲ್ಲ, ಕ್ಷಮೆ ಇರಲಿ.

ಆದ್ದರಿಂದ, ಮೇಲೆ ವಿವರಿಸಿದ ಎಲ್ಲ ಕಾರಣಗಳಿಂದಾಗಿ, ಬರುವ ಸಮಾವೇಶದೊಳಗೆ ಸದರಿ ಪೆಟ್ಟಿಗೆಯನ್ನು ಇಳಿಸಿ ಮೂರು ಗುಂಡಿಗಳನ್ನು ಕೂರಿಸಲು ಆದೇಶಿಸಬೇಕಾಗಿ ಕೋರಿದೆ. ಬಹುಮಾನ ಬಿಡಲು ಮನಸ್ಸು ಒಪ್ಪದಿದ್ದಲ್ಲಿ ಅವಳು ಅರ್ಥಮಾಡಿಕೊಳ್ಳುತ್ತಾಳೆ, ಬಸ್ಸಿನ ವೇಳಾಪಟ್ಟಿ ಅವಳಿಗೆ ಹೇಗೂ ಕಂಠಪಾಠ.

ನಡುಗುತ್ತಲೇ ಆದರೂ ಇನ್ನೂ ತಮ್ಮ ವಿಶ್ವಾಸಿ,
(ಸಹಿ)
ಪಕ್ಕದ ಸೀಟಿನವಳು

ಲಗತ್ತುಗಳು:
೧. "ಮೂಲ ಸ್ಥಿತಿ" ಸ್ಟಿಕ್ಕರಿನ ಒಂದು ಮೂಲೆ (ಅಂದು ಕೆರೆದಾಗ ಉಗುರಿಗೆ ಬಂದ ಚೂರು; ಉಳಿದದ್ದು ಸ್ಥಳದಲ್ಲೇ ಇದೆ, ಅದನ್ನು ಕೀಳುವ ಅಧಿಕಾರ ತಮ್ಮದು).
೨. ಮಗಳ ಊರಿಗೆ ಹೋದ ಬಸ್ ಟಿಕೆಟ್, ಒಂದು. ಬಂದದ್ದು ಕಳೆದುಹೋಗಿದೆ.
೩. ಗಂಟಲಿನ ಮಾತ್ರೆಯ ಖಾಲಿ ಹಾಳೆ.

ವಿಶೇಷ ಸೂಚನೆ: ಬರುವ ಭಾನುವಾರ ಬೆಳಿಗ್ಗೆ ಅರ್ಜಿದಾರಳು ಶೆಡ್ಡಿಗೆ ಬಂದು, ಬಕೆಟ್ಟನ್ನು ಕೆಳಗಿಳಿಸಿ, ಪಕ್ಕದ ಸೀಟಿನಲ್ಲಿ ಕೈ ಕಟ್ಟಿಕೊಂಡು ಕುಳಿತಿರುತ್ತಾಳೆ. ಈ ಅರ್ಜಿಗೆ ಲಿಖಿತ ಉತ್ತರವನ್ನು ಸ್ವೀಕರಿಸಲಾಗುವುದಿಲ್ಲ. ದಯವಿಟ್ಟು ಬಾಯಲ್ಲೇ ಕೇಳುವುದು.