ಮ್ಯಾನೇಜರ್ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಕನ್ನಡ, ತೆಲುಗು, ತಮಿಳು ಮೂರನ್ನೂ ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾಳೆ. ಆದರೆ ಗಂಟಲು ಹರಿಯುವಂತೆ ಕೂಗುವುದು ಮಾತ್ರ ಥಾಯ್ ಭಾಷೆಯಲ್ಲಿ! ನೀವು ನಂಬುವುದಿಲ್ಲ ಅಂತ ಗೊತ್ತು. ಅವಳು ಥಾಯ್ಲೆಂಡಿಗೆ ಹೋಗಿದ್ದಾಳೆಯೇ? ಎಲ್ಲಿ ಬಂತು! ಪಕ್ಕದ ಬೂದಿಕೋಟೆಯ ಬಸ್ಸು ಹತ್ತಿದರೇ ತಲೆ ಸುತ್ತುತ್ತದೆ ಅನ್ನುವ ಹೆಂಗಸು.

ಮೊದಲಿಂದ ಹೇಳುತ್ತೇನೆ. ಚಿಕ್ಕಮ್ಮ ನಮ್ಮಮ್ಮನ ತಂಗಿ. ಹುಟ್ಟಿದ್ದು ಊರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನುಮನೆಯಲ್ಲಿ. ಅಲ್ಲಿನ ಮಕ್ಕಳು ನಡೆಯುವುದಕ್ಕೆ ಮುಂಚೆ ಒದೆಯುವುದನ್ನು ಕಲಿಯುತ್ತಿದ್ದ ಕಾಲ ಅದು. ಗಂಡುಹುಡುಗರ ಮಧ್ಯೆ ಲಂಗ ಎತ್ತಿ ಕಟ್ಟಿಕೊಂಡು ಎಡಗಾಲಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಒಬ್ಬಳೇ ಹುಡುಗಿ ಇವಳಂತೆ. ಆಮೇಲೆ ಕ್ಯಾಸಂಬಳ್ಳಿಗೆ ಮದುವೆ ಮಾಡಿಕೊಟ್ಟರು. ಹಸು, ರಾಗಿ ಹೊಲ, ಇಬ್ಬರು ಹೆಣ್ಣುಮಕ್ಕಳು. ಆಟ ಅಲ್ಲಿಗೆ ನಿಂತಿತು. ಚಿನ್ನದಂಥ ಆಟಗಾರ್ತಿಯನ್ನು ಈ ಮನುಷ್ಯ ಸಗಣಿ ಬಾಚಲು ಹಾಕಿದ ಎಂದು ನಮ್ಮಮ್ಮ ಇವತ್ತಿಗೂ ಚಿಕ್ಕಪ್ಪನಿಗೆ ಕಾಫಿ ಕೊಡುವಾಗ ಲೋಟವನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಾಳೆ. ಚಿಕ್ಕಪ್ಪ ಪಾಪ, ಚೆಲ್ಲಿದ್ದನ್ನು ಬಿಟ್ಟು ಉಳಿದದ್ದನ್ನು ಕುಡಿಯುತ್ತಾರೆ.

ಹೆಣ್ಣುಮಕ್ಕಳ ಮದುವೆ ಮುಗಿದ ಮೇಲೆ ಒಂದು ಸಂಜೆ ಚಿಕ್ಕಮ್ಮ ಹಾಲು ಹಾಕಿ ಡೈರಿಯಿಂದ ವಾಪಸಾಗುತ್ತಿದ್ದಳು. ಬಯಲಿನಲ್ಲಿ ಊರಿನ ಹುಡುಗರ ಟೀಮು ಎಂದಿನಂತೆ ಸೋಲುತ್ತಿತ್ತು. ನೋಡಿದಳು, ತಡೆದುಕೊಂಡಳು, ಮತ್ತೆ ನೋಡಿದಳು. ಕೊನೆಗೆ ಕ್ಯಾನು ಕೆಳಗಿಟ್ಟು ಆಟದ ನಡುವೆಯೇ ಒಳಗೆ ನಡೆದಳು.

"ಅಂಗೆ ಒದ್ರೆ ಬಾಲು ನಿಮ್ಮಪ್ಪನ ಹೊಲಕ್ಕೋಗ್ತದೆ ಕಣ್ಲಾ! ಇಂಗೆ ಒದಿ!"

ಚಪ್ಪಲಿ ಬಿಟ್ಟು ಎಡಗಾಲಲ್ಲಿ ಒದ್ದಳು. ಬಾಲು ಗೋಲಿನ ಮೂಲೆಗೆ ಹೋಗಿ ಬಿತ್ತು. ಹುಡುಗರು ಅವಳನ್ನು ಬಿಡಲಿಲ್ಲ. "ಅಕ್ಕಾ, ನೀನೇ ನಮ್ ಕೋಚು" ಅಂದರು.

"ಕೋಚ್ ಅಂದ್ರೆ ಬಂಗಾರಪೇಟೆ ಸ್ಟೇಷನ್ನಾಗೆ ನಿಂತಿರ್ತದಲ್ಲ, ಅದು. ನಾನು ಮ್ಯಾನೇಜರ್!"

ಟೀಮಿನಲ್ಲಿ ಅರ್ಧ ಜನ ಊರಿಗಾಂನಿಂದ ಬಂದು ನೆಲೆಸಿದ ತಮಿಳು ಹುಡುಗರು, ಉಳಿದವರಲ್ಲಿ ಕೆಲವರು ಕನ್ನಡ, ಕೆಲವರು ತೆಲುಗು. ತಮಿಳಿನಲ್ಲಿ ಹೇಳಿದರೆ ಇವರಿಗೆ ಮುನಿಸು, ಕನ್ನಡದಲ್ಲಿ ಹೇಳಿದರೆ ಅವರಿಗೆ ಮುನಿಸು. ಮೂರರಲ್ಲೂ ಹೇಳಿ ಮುಗಿಸುವಷ್ಟರಲ್ಲಿ ಗೋಲು ಬಿದ್ದಿರುತ್ತಿತ್ತು! ಆಗ ಸಿಕ್ಕಿದವನೇ ಥಾಯ್ಲೆಂಡಣ್ಣ. ಫೋನಿನ ವಿಡಿಯೋದಲ್ಲಿ ಸಿಕ್ಕಿದ. ಅವನ ನಿಜವಾದ ಹೆಸರು ಚಿಕ್ಕಮ್ಮನ ನಾಲಿಗೆಗೂ ಹೊರಳಲಿಲ್ಲ, ನನ್ನ ನಾಲಿಗೆಗೂ ಹೊರಳಲಿಲ್ಲ. ಅವನೂ ಆಟಗಾರನಾಗಿದ್ದು ಮ್ಯಾನೇಜರ್ ಆದವನು. ಒಂದು ಟೀಮಿನವರು ತೆಗೆದುಹಾಕಿದರೆ ಇನ್ನೊಂದಕ್ಕೆ ಹೋಗುತ್ತಾನೆ, ಅಲ್ಲೂ ತೆಗೆದರೆ ಮತ್ತೊಂದು.

"ನೋಡ್ಲಾ, ಎಷ್ಟ್ ಸಲ ಓಡ್ಸಿದ್ರೂ ಬತ್ತಾನೆ!" ಎಂದು ಹಾಲು ಕರೆಯುತ್ತಲೇ ನನಗೆ ತೋರಿಸುತ್ತಿದ್ದಳು.

"ಮನೇಲಿ ಗಂಡ ಅಂತ ಒಬ್ಬ ಅವ್ನೆ ಅನ್ನೋದು ಗೆಪ್ತಿ ಐತಾ?" ಎಂದು ಚಿಕ್ಕಪ್ಪ ಕೇಳಿದರು.

"ಐತೆ. ಅವ್ನನ್ನ ಡಿಫೆನ್ಸ್‌ಗೂ ನಿಲ್ಸಕಾಗಲ್ಲ ಅನ್ನೋದೂ ಗೆಪ್ತಿ ಐತೆ."

ಅವನು ಬದಿಯಲ್ಲಿ ನಿಂತು ಕೂಗುತ್ತಿದ್ದ ಮಾತುಗಳನ್ನು ಚಿಕ್ಕಮ್ಮ ಬಾಯಿಪಾಠ ಮಾಡಿದಳು, ಅರ್ಥವನ್ನು ನನ್ನಿಂದ ಫೋನಿನಲ್ಲಿ ಹುಡುಕಿಸಿ ಹುಡುಗರಿಗೂ ಕಲಿಸಿದಳು. ಯಾರ ಭಾಷೆಯೂ ಅಲ್ಲದ ಮೇಲೆ ಯಾರಿಗೆ ಮುನಿಸು? ತೊಂದರೆ ಏನೆಂದರೆ, ಥಾಯ್ ಭಾಷೆಯಲ್ಲಿ ಎಡಕ್ಕೆ ಅನ್ನಲು 'ಸಾಯ್' ಅನ್ನುತ್ತಾರೆ. ಮೊದಲ ಪಂದ್ಯದಲ್ಲೇ ನಮ್ಮ ಮ್ಯಾನೇಜರು ಸೆರಗು ಸಿಕ್ಕಿಸಿಕೊಂಡು ಗೆರೆಯುದ್ದಕ್ಕೂ ಓಡುತ್ತಾ "ಸಾಯ್! ಸಾಯ್!" ಎಂದು ಅರಚಿದಳು. ರೆಫರಿ ಆಟ ನಿಲ್ಲಿಸಿ ಬಂದರು.

"ಏನಮ್ಮಾ, ಆಡೋ ಹುಡುಗ್ರಿಗೆ ಸಾಯಿ ಅಂತೀಯಲ್ಲ!"

"ಅದು ಎಡಕ್ಕೆ ಓಗು ಅಂತ ಸ್ವಾಮಿ."

"ಯಾವೂರಾಗೆ?"

"ಬ್ಯಾಂಕಾಕ್‌ನಾಗೆ!"

ಹಳದಿ ಕಾರ್ಡು ಬಂತು.

ಇನ್ನೊಂದು ಮಾತು 'ಜೈ ಯೆನ್'. ಸಮಾಧಾನವಾಗಿರು ಅಂತ ಅರ್ಥವಂತೆ. ನಮ್ಮ ಜನಕ್ಕೆ ಅದು 'ಜೈ ಎನ್' ಎಂದು ಕೇಳಿಸಿತು. ಅವಳು ಕೂಗಿದಾಗಲೆಲ್ಲ ಬಯಲಿಗೆ ಬಯಲೇ "ಜೈ!" ಎಂದು ಮೊಳಗಿತು. ಸಮಾಧಾನವಾಗಿರಬೇಕಾದ ಹುಡುಗನಿಗೆ ಆವೇಶ ಬಂದು ಬಾಲನ್ನು ಹಳೇ ಗಣಿ ಕಂಪನಿ ಕಟ್ಟಡದ ಸೂರಿನ ಮೇಲಕ್ಕೆ ಒದ್ದ!

ನಗಬೇಡಿ. ಚಿಕ್ಕಮ್ಮ ಒಂದು ಮಾತನ್ನೂ ಬಿಟ್ಟುಕೊಡಲಿಲ್ಲ. ಬೆಳಗಾಗುತ್ತಲೇ ಅಭ್ಯಾಸ. ಕೂಲಿಗೆ ಹೋಗುವವರು, ರೈಲು ಹಿಡಿಯುವವರು, ಎಲ್ಲರೂ ಬಯಲಿಗೆ ಬಂದು ಬೆವರು ಹರಿಸಿಯೇ ಹೋಗಬೇಕು. ಬಾರದವನ ಮನೆಯ ಬಾಗಿಲಲ್ಲಿ ಇವಳೇ ಹೋಗಿ ನಿಲ್ಲುತ್ತಿದ್ದಳು. ಹೆಂಗಸು ಟೀಮು ನಡೆಸುವುದೇ ಎಂದು ಮೂಗು ಮುರಿದವರ ಕಣ್ಣೆದುರೇ ಈ ವರ್ಷ ನಮ್ಮವರು ಟೂರ್ನಮೆಂಟಿನ ಫೈನಲ್ಲಿಗೆ ಬಂದರು. ಊರಿಗಾಂ ಬಯಲಿನಲ್ಲಿ, ಬಂಗಾರಪೇಟೆಯ ಟೀಮಿನ ಮೇಲೆ.

ಸಮಸಮವಾಗಿ ಸಾಗಿದ ಆಟ. ಇನ್ನೇನು ಮುಗಿಯಬೇಕು, ಅತ್ತ ಕಡೆಯಿಂದ ಒಂದು ಬಾಲು ಉರುಳಿಕೊಂಡು ಬಂತು. ಒದ್ದದ್ದೂ ಅಲ್ಲ, ತಳ್ಳಿದ್ದು. ನಮ್ಮ ಗೋಲ್‌ಕೀಪರ್, ಹಾಲಿನ ವ್ಯಾನು ಓಡಿಸುವ ಎರಡು ಮಕ್ಕಳ ತಂದೆ, ಬಗ್ಗಿದ. ಬಾಲು ಅವನ ಕಾಲುಗಳ ಮಧ್ಯೆ ನುಸುಳಿ ಗೋಲಾಯಿತು, ನಾವು ಸೋತೆವು. ಬಯಲಿಗೆ ಬಯಲೇ ನಕ್ಕಿತು.

ಜನ ಕರಗಿದ ಮೇಲೂ ಅವನು ಗೋಲಿನ ಕಂಬಕ್ಕೆ ಒರಗಿ ಕುಳಿತೇ ಇದ್ದ. ಗ್ಲೌಸು ಬಿಚ್ಚಿ ಎಸೆದು, "ನಾಳೆಯಿಂದ ಬರಲ್ಲಕ್ಕ. ನಂಗ್ ಬ್ಯಾಡ ಈ ಆಟ" ಅಂದ.

ಚಿಕ್ಕಮ್ಮ ಬೈಯುತ್ತಾಳೆ ಎಂದುಕೊಂಡೆ. ಅವಳು ಸೀರೆ ಮಣ್ಣಾಗುವುದನ್ನೂ ನೋಡದೆ ಅವನ ಪಕ್ಕ ಕುಳಿತಳು.

"ಇದೇ ಗೋಲು ಕಣಪ್ಪ. ಮದ್ವೆಗೆ ಮುಂಚೆ ಇಲ್ಲೇ ಒಂದ್ ಪೆನಾಲ್ಟಿ ತಪ್ಪುಸ್ದೆ. ಹಿಂಗೇ ನಕ್ರು. ಮನೆಗೋಗಿ ಬಾಲ್ ಎತ್ತಿಟ್ಬುಟ್ಟೆ. ಯಾರೂ ಬಿಡುಸ್ಲಿಲ್ಲ. ಮದ್ವೆ ಆಯ್ತು, ಅದಕ್ಕೇ ಬಿಟ್ಟೆ ಅಂತ ಎಲ್ರೂ ಅಂದ್ಕೊಂಡ್ರು, ನಾನೂ ಸುಮ್ಕಿದ್ದೆ. ನಾನೇ ಬಿಟ್ಟಿದ್ದು. ಹೆದ್ರಿಕೊಂಡು."

ನೀರಿನ ಕ್ಯಾನು ಹಿಡಿದು ನಿಂತಿದ್ದ ಚಿಕ್ಕಪ್ಪ ಮೆಲ್ಲಗೆ ಕೇಳಿದರು. "ಅಂಗಾದ್ರೆ ನಿಮ್ಮಕ್ಕ ಇಷ್ಟೊರ್ಸ ನನ್ ಬೈದಿದ್ದು?"

"ಸುಮ್ಕೆ" ಅಂದಳು ಚಿಕ್ಕಮ್ಮ. ನಕ್ಕಳು. ನಗುತ್ತಿದ್ದಂತೆಯೇ ಕಣ್ಣು ತುಂಬಿತು. "ನೀನ್ಯಾಕೆ ಒಂದ್ಸಲಾನೂ ಇಲ್ಲ ಅನ್ನಲಿಲ್ಲ?"

"ನಿಂಗೆ ಅದ್ನ ಬಾಯ್ಬಿಟ್ಟು ಏಳ್ಕೊಳ್ಳೋಕೆ ಕಷ್ಟ ಇತ್ತೇನೋ ಅಂತ."

ಅವಳು ಎದ್ದು ಗ್ಲೌಸು ಹೆಕ್ಕಿ ತಂದು ಗೋಲ್‌ಕೀಪರನ ಕೈಗೆ ತಾನೇ ತೊಡಿಸಿದಳು. ಚಪ್ಪಲಿ ಬಿಟ್ಟು ಬಾಲನ್ನು ಅವನೆದುರು ಇಟ್ಟಳು.

"ನಿಂತ್ಕೋ. ನೀನು ಹಿಡಿಯೋಗಂಟ ಒದೀತೀನಿ."

ಚಿಕ್ಕಪ್ಪ ನೀರಿನ ಕ್ಯಾನು ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿ, ಬಾಲು ಹೆಕ್ಕಿಕೊಡಲು ಗೋಲಿನ ಹಿಂದೆ ಹೋಗಿ ನಿಂತರು.